ಹೊಟ್ಟೆ ಬಂದ ದೇವಸ್ಥಾನ ಮತ್ತು ನನ್ನ ಲೆನ್ಸ್ ಹುಡುಕಾಟ

ಈ ಬ್ಲಾಗಿಗೆ ಬೀಗ ಹಾಕಿ ಹತ್ತಿರ ಹತ್ತಿರ ಒಂದು ವರ್ಷವೇ ಆಗಿತ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಕೂತು ಬರೆಯೋ ಮನಸ್ಸಿರಲಿಲ್ಲ ಅಷ್ಟೆ. ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ನಮ್ಮಪ್ಪ ಬಿಡಿಸಿದ ಪೇಂಟಿಂಗ್ ಒಂದಿಪ್ಪತ್ತು ಮನೇಲಿ ಇದಾವೆ. ಚೆನ್ನಾಗಿ ಫೋಟೋ ತೆಗೆದಿಡಬೇಕು. ಯಾವ ಲೆನ್ಸ್ ತಗೊಳ್ಳಲಿ?" ಅಂತ ಕೇಳಿದ. ಎರಡು ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಎರಡು ವರ್ಷ ಕಳೆದಿದ್ದೆ. ಆ ಎರಡು ವರ್ಷದಲ್ಲಿ ಏನು ಕಳಕೊಂಡೆ ಅನ್ನೋದನ್ನ ಅವನಿಗೆ ಫೋನಿನಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ನಮ್ಮ ಮಾವ, ಅಂದ್ರೆ ಅವ್ವನ ಅಣ್ಣ, ಡ್ರಾಯಿಂಗ್ ಮಾಸ್ತರ್ ಆಗಿದ್ದವರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರದಲ್ಲಿ ಕಲಿತವರು. ನೌಕರಿ ಶುರುವಾದದ್ದು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ, ನಿವೃತ್ತಿಯಾದದ್ದು ಕುಷ್ಟಗಿಯಲ್ಲಿ. ಆವಾಗ ಇದೆಲ್ಲ ರಾಯಚೂರು ಜಿಲ್ಲೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಯ್ತು. "ನಾ ಎಲ್ಲೂ ಹೋಗ್ಲಿಲ್ಲ, ಜಿಲ್ಲಾನ ನನ್ನ ಬಿಟ್ಟು ಹೋತು" ಅಂತ ಮಾವ ನಗ್ತಿದ್ರು.

ಯಲಬುರ್ಗಾದ ದಿನಗಳಲ್ಲಿ ರವಿವಾರ ಬಂತು ಅಂದ್ರೆ ಸೈಕಲ್ಲಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು ಇಟಗಿಗೆ ಹೋಗೋರಂತೆ. ಇಟಗಿಯ ಮಹಾದೇವ ದೇವಾಲಯ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನವೇ ಅದನ್ನ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಆಗ ಯಲಬುರ್ಗಾ ತಾಲೂಕು, ಈಗ ಕುಕನೂರು ತಾಲೂಕು. ಸಂಜೆ ಬಿಸಿಲು ಆ ಮಂಟಪದ ಕಂಬಗಳ ಮೇಲೆ ಬಿದ್ದಾಗ ಬೂದು ಕಲ್ಲು ಒಂದು ಥರಾ ನೇರಳೆ ಆಗುತ್ತಂತೆ. "ಅಂತೆ" ಯಾಕೆ ಅಂದ್ರೆ ನಾನು ಎಷ್ಟು ಸಲ ಹೋದರೂ ನನಗೆ ಬೂದು ಬೂದೇ ಕಾಣ್ತು. ಮಾವನ ಚಿತ್ರದಲ್ಲಿ ಮಾತ್ರ ನೇರಳೆ ಕಾಣ್ತಿತ್ತು. ಮೂರು ಅಡಿ ಅಗಲದ ಕ್ಯಾನ್ವಾಸ್, ತೈಲವರ್ಣ. ಅವರು ಬಿಡಿಸಿದ ಎಲ್ಲದರಲ್ಲೂ ಅವರಿಗೆ ಇಷ್ಟವಾದದ್ದು ಅದೊಂದೇ. ಕುಷ್ಟಗಿ ಮನೆಯ ಪಡಸಾಲಿಯಲ್ಲಿ, ಬಾಗಿಲಿಗೆ ಎದುರಾಗಿ ತೂಗು ಹಾಕಿದ್ರು.

2021ರ ದೀಪಾವಳಿಗೆ ಹೋದಾಗ ನನ್ನ ಹತ್ತಿರ ಹೊಸ ಕ್ಯಾಮೆರಾ ಇತ್ತು. ಕ್ಯಾಮೆರಾ ಜೊತೆಗೇ ಬರುತ್ತಲ್ಲ, 18-55 ಎಂಎಂ ಕಿಟ್ ಲೆನ್ಸ್, ಅದೊಂದೇ. ರಾತ್ರಿ ಊಟ ಆದ ಮೇಲೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಪಡಸಾಲಿಯಲ್ಲಿ ಹಾಸಿಗೆ ಹಾಸಿದ್ದರಿಂದ ಹಿಂದೆ ಸರಿಯೋಕೆ ಜಾಗ ಇಲ್ಲದೆ, 18ಕ್ಕೆ ತಿರುಗಿಸಿ ಇಟಗಿ ಚಿತ್ರದ ಫೋಟೋ ಹೊಡೆದೆ. ಹಿಂಬದಿಯ ಪರದೆಯಲ್ಲಿ ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ್ರು.

"ಲೇ ತಮ್ಮಾ, ನಿನ್ನ ಕ್ಯಾಮೆರಾ ನಮ್ಮ ಮಹಾದೇವಗ ಹೊಟ್ಟಿ ಬರ್ಸೈತಲ್ಲೋ!"

ನಿಜ. ಚಿತ್ರದ ನಾಲ್ಕೂ ಅಂಚು ಹೊರಗೆ ಉಬ್ಬಿದ್ದವು. ನೆಟ್ಟಗಿದ್ದ ಕಂಬಗಳು ಆ ಕಡೆ ಈ ಕಡೆ ಬಾಗಿ, ದೇವಸ್ಥಾನ ಮದುವೆ ಊಟ ಮುಗಿಸಿ ಬಂದವರ ಥರಾ ಕಾಣ್ತಿತ್ತು. ಇದಕ್ಕೆ ಬ್ಯಾರೆಲ್ ಡಿಸ್ಟಾರ್ಷನ್ ಅಂತಾರೆ, ಪೀಪಾಯಿಯ ಹಾಗೆ ಉಬ್ಬೋದು. ಅಗ್ಗದ ಝೂಮ್ ಲೆನ್ಸುಗಳನ್ನ ಪೂರ್ತಿ ವೈಡ್‌ಗೆ ತಿರುಗಿಸಿದಾಗ ಇದು ಸಾಮಾನ್ಯ. ಗುಡ್ಡ, ಗಿಡ, ಮನುಷ್ಯರ ಫೋಟೋದಲ್ಲಿ ಕಣ್ಣಿಗೆ ಬೀಳಲ್ಲ. ಚೌಕಟ್ಟಿನ ನೇರ ಗೆರೆ ಇದ್ದಲ್ಲಿ ತಕ್ಷಣ ಗೊತ್ತಾಗುತ್ತೆ. ನನಗೆ ನಾಚಿಕೆಯಾಯ್ತು. "ಮಾವಾ, ಇದಕ್ಕಂತಲೇ ಬೇರೆ ಲೆನ್ಸ್ ಬರ್ತಾವು. ತಗೊಂಡು ಬಂದು ನಿಮ್ಮ ಎಲ್ಲಾ ಚಿತ್ರದ್ದೂ ಸರಿಯಾಗಿ ತೆಗೀತೀನಿ" ಅಂದೆ. "ಬಾರಪ್ಪಾ, ಚಿತ್ರ ಎಲ್ಲಿ ಓಡಿ ಹೋಗ್ತಾವು" ಅಂದ್ರು.

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಲೆನ್ಸ್ ಪುರಾಣ.

ಗಂಗಾವತಿಯಲ್ಲಿ ನೌಕರಿ, ಸಂಜೆ ಆರಕ್ಕೆ ಮನೆ. ಊಟ ಮಾಡಿ ಕೂತರೆ ಹನ್ನೊಂದರ ತನಕ ಲೆನ್ಸುಗಳ ಬಗ್ಗೆ ಓದೋದು. ಮೂರು ದಾರಿ ಕಂಡವು. ಒಂದು, 50 ಎಂಎಂ ಎಫ್ 1.8. ಬೆಲೆ ಕಡಿಮೆ, ಝೂಮ್ ಆಗಲ್ಲ, ಗೆರೆ ಹೆಚ್ಚು ಕಡಿಮೆ ನೆಟ್ಟಗೇ ಬರುತ್ತೆ. ಎರಡು, 35 ಎಂಎಂ. ಸಣ್ಣ ಕೋಣೆಗೆ ಅನುಕೂಲ. ಮೂರು, 100 ಎಂಎಂ ಆಸುಪಾಸಿನ ಮ್ಯಾಕ್ರೋ. ಹೂವು, ಹುಳ ತೆಗೆಯೋಕೆ ಕೊಳ್ಳೋ ಲೆನ್ಸ್ ಚಿತ್ರಕ್ಕೆ ಯಾಕೆ ಅಂದ್ರೆ, ಸಾಮಾನ್ಯ ಲೆನ್ಸಿನ ಫೋಕಸ್ ಬೀಳೋ ಮೇಲ್ಮೈ ಸ್ವಲ್ಪ ಬಟ್ಟಲಿನ ಹಾಗೆ ಬಾಗಿರುತ್ತೆ. ನಡುವೆ ಚೊಕ್ಕ ಬಂದರೆ ಮೂಲೆ ಮಸುಕು. ಮ್ಯಾಕ್ರೋ ಲೆನ್ಸಿನಲ್ಲಿ ಅದನ್ನ ಚಪ್ಪಟೆ ಮಾಡಿರ್ತಾರೆ. ಚಪ್ಪಟೆಯಾದ ಕಾಗದ, ಕ್ಯಾನ್ವಾಸಿಗೆ ಹೇಳಿ ಮಾಡಿಸಿದ್ದು.

ಇದರಲ್ಲೊಂದು ಕಥೆ ನನಗೆ ಬಹಳ ಹಿಡಿಸ್ತು. ನಿಕಾನ್‌ನವರ ಮೊದಲ ಮೈಕ್ರೋ ನಿಕ್ಕಾರ್ ಲೆನ್ಸ್ ಬಂದದ್ದು 1956ರಲ್ಲಿ. ಹುಳ ಹಿಡಿಯೋಕಲ್ಲ, ಕಾಗದಪತ್ರಗಳನ್ನ ಮೈಕ್ರೋಫಿಲ್ಮಿಗೆ ಇಳಿಸೋಕೆ ಮಾಡಿದ್ದು. ಇಂಗ್ಲಿಷಿನ ಎ ಬಿ ಸಿ ಡಿಗೆ ಸಾಕಾಗ್ತಿದ್ದ ಲೆನ್ಸುಗಳಲ್ಲಿ ಜಪಾನೀಯರ ಕಾಂಜಿ ಅಕ್ಷರಗಳ ಒತ್ತೊತ್ತಾದ ಗೆರೆಗಳು ಕಲಸಿ ಹೋಗ್ತಿದ್ವಂತೆ. ನಮ್ಮ ಒತ್ತಕ್ಷರಗಳ ಕಷ್ಟ ನೆನಪಾಯ್ತು. ಒಂದು ಕಾಲಕ್ಕೆ ನಮ್ಮ ಸ್ಕ್ರೀನಿನಲ್ಲಿ "ಕ್ಷ್ಮ್ಯ" ಬರೆದರೆ ಬರೀ ಚೌಕಗಳು ಕಾಣ್ತಿದ್ವಲ್ಲ, ಹಳೇ ಬ್ಲಾಗಿಗರಿಗೆ ಗೊತ್ತಿರುತ್ತೆ :)

ಹೀಗೆ ಓದ್ತಾ ಓದ್ತಾ 2022 ಮುಗೀತು. ಮ್ಯಾಕ್ರೋ ದುಬಾರಿ, ದೀಪಾವಳಿ ಬೋನಸ್ ಬರಲಿ ಅಂತ ಕಾದೆ. ಬೋನಸ್ ಬಂದಾಗ, ಹೊಸ ಮಾದರಿ ಬರೋದಿದೆಯಂತೆ, ಅದೂ ನೋಡೋಣ ಅಂತ ಕಾದೆ. ಎರಡು ಲೆನ್ಸುಗಳ ಮೂಲೆಯ ಚೊಕ್ಕತನವನ್ನ ನೂರಕ್ಕೆ ನೂರು ದೊಡ್ಡದು ಮಾಡಿ ಹೋಲಿಸಿ ನೋಡೋ ಚಟ ಹತ್ತಿತು. ಯಾರದೋ ಊರಿನ ಇಟ್ಟಿಗೆ ಗೋಡೆಯ ಮೂಲೆಗಳನ್ನ ನೋಡ್ತಾ ನಾನು ಕಳೆದ ರಾತ್ರಿಗಳನ್ನ ಲೆಕ್ಕ ಹಾಕಿದರೆ ಕುಷ್ಟಗಿಗೆ ನೂರು ಸಲ ಹೋಗಿ ಬರಬಹುದಿತ್ತು.

ನಡುವೆ ಒಮ್ಮೆ ಗೆಳೆಯನ ಹತ್ತಿರ 50 ಎಂಎಂ ಇಸ್ಕೊಂಡು ಆನೆಗೊಂದಿಗೆ ಹೋಗಿದ್ದೆ. ಗಂಗಾವತಿಯಿಂದ ಹತ್ತಿರವೇ. ಅಲ್ಲಿನ ಹುಚ್ಚಪ್ಪಯ್ಯನ ಮಠದ ಕಂಬಗಳನ್ನ ನೋಡೋಕೆ ಜನ ಹೋಗ್ತಾರೆ, ಕತ್ತೆತ್ತಿ ಛಾವಣಿ ನೋಡೋರು ಕಡಿಮೆ. ಛಾವಣಿಯಲ್ಲಿ ಹಳೇ ವರ್ಣಚಿತ್ರಗಳಿವೆ. ಹೆಂಗಸರ ಮೈಗಳನ್ನೇ ಹೆಣೆದು ಮಾಡಿದ ಆನೆ, ಅದೇ ನಾರೀಕುಂಜರ, ಅಲ್ಲಿದೆ. ಕ್ಯಾಮೆರಾವನ್ನ ನೆಲದ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ನಾನು ಕಂಬದ ಹಿಂದೆ ಸರಿದು ನಿಂತು ತೆಗೆದೆ. ನೆಲ, ಛಾವಣಿ ಎರಡೂ ಸಮ ಇರೋದ್ರಿಂದ ಚಿತ್ರ ಸೊಟ್ಟ ಬರಲಿಲ್ಲ. ಆದರೆ ಚಿತ್ರವೇ ಎಷ್ಟೋ ಕಡೆ ಉದುರಿ ಹೋಗಿತ್ತು. ಇನ್ನೂ ಒಳ್ಳೇ ಲೆನ್ಸ್ ಇದ್ದಿದ್ದರೆ ಉದುರಿದ್ದು ಇನ್ನೂ ಸ್ಪಷ್ಟವಾಗಿ ಕಾಣ್ತಿತ್ತು ಅಷ್ಟೆ. ಆವತ್ತೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

2023ರ ಡಿಸೆಂಬರಿನಲ್ಲಿ ಮಾವ ಹೋದರು. ಎರಡು ದಿನ ಜ್ವರ, ಮೂರನೇ ದಿನ ಇಲ್ಲ. ಮಣ್ಣಿಗೆ ಹೋದಾಗ ಕ್ಯಾಮೆರಾ ಒಯ್ದಿರಲಿಲ್ಲ. ಅದು ಅದಕ್ಕೆ ಹೊತ್ತೂ ಅಲ್ಲ.

2024ರ ಮಳೆಗಾಲದಲ್ಲಿ ಅತ್ತಿ ಮಗಳ ಮನೆಗೆ ಹೋಗಿದ್ದಾಗ ಕುಷ್ಟಗಿ ಮನೆಯ ಮಾಳಿಗೆ ಸೋರಿತು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಗೊತ್ತಲ್ಲ, ವರ್ಷಾ ಮೇಲೆ ಹತ್ತಿ ಮಣ್ಣು ಹಾಕಿ ಬಡೀಬೇಕು. ಹಾಕೋರು ಇರಲಿಲ್ಲ. ನೀರು ಗೋಡೆ ಹಿಡಿದು ಇಳಿದು, ಸರಿಯಾಗಿ ಇಟಗಿ ಚಿತ್ರದ ಬೆನ್ನಿಗೆ ಬಂದು ಸೇರಿದೆ. ಹದಿನೈದು ದಿನ ಬಾಗಿಲು ಹಾಕಿದ ಮನೆ. ಅತ್ತಿ ಬಂದು ನೋಡಿದಾಗ ಕ್ಯಾನ್ವಾಸ್ ಜೋತು ಬಿದ್ದು, ಬೂಷ್ಟು ಹಿಡಿದು, ಬಣ್ಣ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಉದುರಿತ್ತಂತೆ. "ಕಸಬರಗಿ ಹಿಡಿದು ಬಳಿಬೇಕಾದ್ರ ಕೈ ನಡಗಿದ್ವು ತಮ್ಮಾ" ಅಂತ ಫೋನಿನಲ್ಲಿ ಹೇಳಿದ್ರು. ನಾನು ಏನಂತ ಉತ್ತರ ಕೊಡಲಿ? ನನ್ನ ಕಂಪ್ಯೂಟರಿನಲ್ಲಿ ಆಗ ಮೂರು ಲೆನ್ಸುಗಳ ಹೋಲಿಕೆಯ ಪುಟ ತೆರೆದೇ ಇತ್ತು.

ಮನೆ ಮಾರೋದು ಅಂತ ತೀರ್ಮಾನವಾಯ್ತು. ಉಳಿದ ಚಿತ್ರಗಳನ್ನ ಮೂವರು ಮಕ್ಕಳು ಹಂಚ್ಕೊಳ್ಳೋದು. ಒಬ್ಬರು ಪುಣೆ, ಒಬ್ಬರು ದಾವಣಗೆರೆ, ಒಬ್ಬರು ಕುಷ್ಟಗಿಯಲ್ಲೇ. ಹಂಚಿ ಹೋದ ಮೇಲೆ ಅವೆಲ್ಲ ಒಂದೇ ಕಡೆ ಮತ್ತೆ ಸೇರೋದಿಲ್ಲ. 2025ರ ಜನವರಿಯಲ್ಲಿ, ಗವಿಮಠದ ಜಾತ್ರೆ ಮುಗಿಸಿಕೊಂಡು ಎಲ್ಲರೂ ಕೊಪ್ಪಳದಿಂದ ಕುಷ್ಟಗಿಗೆ ಬರೋದು, ರವಿವಾರ ಸಂಜೆ ಹಂಚೋದು. ನನಗೆ ಸಿಕ್ಕಿದ್ದು ಶನಿವಾರ ಮತ್ತೆ ರವಿವಾರ ಮಧ್ಯಾಹ್ನದ ತನಕ. ಲೆನ್ಸ್ ಇನ್ನೂ ಕೊಂಡಿರಲಿಲ್ಲ! ಗೆಳೆಯನ ಅದೇ 50 ಎಂಎಂ, ಇನ್ನೊಬ್ಬರ ಹತ್ತಿರ 100 ಎಂಎಂ ಮ್ಯಾಕ್ರೋ ಇಸ್ಕೊಂಡು ಹೋದೆ.

ಹೋಗಿ ಟೇಪು ಹಿಡಿದು ಪಡಸಾಲಿ ಅಳೆದೆ. ಹನ್ನೊಂದು ಅಡಿ. ಚಿತ್ರ ಒರಗಿಸಿ ನಿಲ್ಲಿಸೋಕೆ ಒಂದಡಿ, ಕ್ಯಾಮೆರಾ ಹಿಂದೆ ನಾನು ನಿಲ್ಲೋಕೆ ಎರಡಡಿ. ಉಳಿದದ್ದು ಎಂಟು. ಈಗ ಲೆಕ್ಕ ನೋಡಿ, ಇದು ಐದನೇ ಕ್ಲಾಸಿನ ಗಣಿತ. ನನ್ನ ಕ್ಯಾಮೆರಾದ್ದು ಎಪಿಎಸ್-ಸಿ ಸೆನ್ಸರ್, ಅಗಲ ಸುಮಾರು 23.5 ಎಂಎಂ. ಚಿತ್ರದ ಅಗಲವನ್ನ ಲೆನ್ಸಿನ ಎಂಎಂನಿಂದ ಗುಣಿಸಿ 23.5ರಿಂದ ಭಾಗಿಸಿದರೆ ಎಷ್ಟು ದೂರ ನಿಲ್ಲಬೇಕು ಅಂತ ಅಂದಾಜು ಬರುತ್ತೆ. ಫುಲ್ ಫ್ರೇಮ್ ಇದ್ದವರು 36ರಿಂದ ಭಾಗಿಸಿ. ಮೂರಡಿ ಚಿತ್ರಕ್ಕೆ ಸುತ್ತ ಸ್ವಲ್ಪ ಜಾಗ ಬಿಟ್ಟು 3.3 ಅಡಿ ಅಂತ ಹಿಡಿದರೆ, 35 ಎಂಎಂಗೆ ಐದಡಿ, 50ಕ್ಕೆ ಏಳಡಿ, 100ಕ್ಕೆ ಹದಿನಾಲ್ಕು ಅಡಿ. ಅಂದ್ರೆ ನಾನು ಎರಡು ವರ್ಷ ಕನಸು ಕಂಡ ಮ್ಯಾಕ್ರೋ ಹಾಕಿದ್ದಿದ್ದರೆ ಬಾಗಿಲು ದಾಟಿ, ಕಟ್ಟೆ ಇಳಿದು, ಎಮ್ಮೆ ಬದಿಗೆ ನಿಂತು ಫೋಟೋ ಹೊಡೀಬೇಕಿತ್ತು. ಆ ಕೋಣೆ ಯಾವ ಲೆನ್ಸ್ ಅಂತ ಯಾವತ್ತೋ ತೀರ್ಮಾನ ಮಾಡಿ ಕೂತಿತ್ತು. ನಾನು ಟೇಪು ಹಿಡಿದಿರಲಿಲ್ಲ ಅಷ್ಟೆ. ಪೋಸ್ಟ್‌ಕಾರ್ಡ್ ಗಾತ್ರದ ಸಣ್ಣ ಜಲವರ್ಣಗಳಿಗೆ ಮಾತ್ರ ಮ್ಯಾಕ್ರೋ ಕೆಲಸಕ್ಕೆ ಬಂತು. ಅದಿಲ್ಲದಿದ್ದರೂ ನಡೀತಿತ್ತು.

ಶನಿವಾರ ಬೆಳಗ್ಗೆ ಒಗ್ಗಾಣಿ ಮಿರ್ಚಿ ತಿಂದು ಶುರು ಮಾಡಿದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಎಫ್ 8, ಐಎಸ್ಒ 100, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಎಫ್ 8 ಯಾಕೆ ಅಂದ್ರೆ ಪೂರ್ತಿ ತೆರೆದರೆ ಮೂಲೆ ಮಸುಕು, ತೀರಾ ಮುಚ್ಚಿ 16, 22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತೆ. ಕ್ಯಾಮೆರಾ ಚಿತ್ರಕ್ಕೆ ಸರಿಯಾಗಿ ಎದುರಿಗಿದೆಯಾ ಅಂತ ನೋಡೋಕೆ ಒಂದು ಉಪಾಯ: ಚಿತ್ರದ ನಡುವೆ, ಮೇಲ್ಮೈಗೆ ಹೊಂದಿಕೊಂಡ ಹಾಗೆ ಸಣ್ಣ ಕನ್ನಡಿ ಹಿಡಿಸಿ. ಕ್ಯಾಮೆರಾದಲ್ಲಿ ನೋಡಿದಾಗ ಲೆನ್ಸಿಗೆ ತನ್ನ ಮುಖವೇ ನಟ್ಟನಡುವೆ ಕಂಡರೆ ಸರಿ ಇದೆ ಅಂತ. ಅತ್ತಿ ತಮ್ಮ ಕುಂಕುಮದ ಡಬ್ಬಿ ಕನ್ನಡಿ ಕೊಟ್ರು.

ಮೊದಲ ಐದು ಫೋಟೋ ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದೆ. ಗೆರೆ ಎಲ್ಲ ನೆಟ್ಟಗೆ, ಮೂಲೆ ಎಲ್ಲ ಚೊಕ್ಕ. ನಾನು ಎದೆ ಉಬ್ಬಿಸಿ ನಿಂತಿದ್ದೆ. ಅತ್ತಿ ಬಹಳ ಹೊತ್ತು ನೋಡಿ, "ಈ ಹಸರು ನಿಮ್ಮ ಮಾವನ ಹಸರಲ್ಲ" ಅಂದ್ರು.

"ಅಂದ್ರ ಅತ್ತಿ?"

"ಅವರ ಹಸರಿನ್ಯಾಗ ಒಂದೀಟು ಮಣ್ಣು ಇರತೈತಿ. ಇದು ನೋಡು, ಪ್ಲಾಸ್ಟಿಕ್ ಕೊಡದ ಹಸರು."

ಅತ್ತಿ ಓದಿದ್ದು ನಾಲ್ಕನೇ ಇಯತ್ತೆ. ಆದರೆ ನಲವತ್ತು ವರ್ಷ ಆ ಬಣ್ಣದ ತಟ್ಟೆಗಳನ್ನ ತೊಳೆದವರು. ನಾನು ಸುತ್ತ ನೋಡಿದೆ. ಮೇಲೆ ಬೆಳಕಿಂಡಿಯಿಂದ ಹಗಲು ಬೆಳಕು, ಗೋಡೆಯಲ್ಲಿ ಟ್ಯೂಬ್‌ಲೈಟ್, ಎರಡೂ ಬದಿಗೆ ನಾನು ತಂದ ಎಲ್ಇಡಿ ದೀಪ. ಮೂರು ಬಣ್ಣದ ಬೆಳಕು ಕಲಸಿ ಬಿದ್ದಿದ್ದವು. ನಮ್ಮ ಕಣ್ಣು ಅದನ್ನೆಲ್ಲ ಹೇಗೋ ಹೊಂದಿಸಿಕೊಳ್ಳುತ್ತೆ, ಕ್ಯಾಮೆರಾ ಹೊಂದಿಸಿಕೊಳ್ಳೋದಿಲ್ಲ. ಯಾವ ಲೆನ್ಸ್ ಹಾಕಿದ್ರೂ ಅದು ಸರಿಹೋಗ್ತಿರಲಿಲ್ಲ.

ಬೆಳಕಿಂಡಿಗೆ ಗೋಣಿಚೀಲ ಮುಚ್ಚಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಬಾಗಿಲಿಗೆ ಕಂಬಳಿ ಇಳಿಬಿಟ್ಟೆ. ಉಳಿದದ್ದು ಒಂದೇ ಜಾತಿಯ ಎರಡು ದೀಪ. ಚಿತ್ರಕ್ಕೆ ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ, ಸಮ ದೂರದಲ್ಲಿ. ಎರಡೂ ಕಡೆ ಬೆಳಕು ಸಮ ಇದೆಯಾ ಅಂತ ನೋಡೋಕೆ ಚಿತ್ರದ ನಡುವೆ ಒಂದು ಪೆನ್ಸಿಲ್ ನೆಟ್ಟಗೆ ಹಿಡಿಸಿ. ಅದರ ಎರಡು ನೆರಳೂ ಒಂದೇ ಉದ್ದ, ಒಂದೇ ಕಪ್ಪು ಇರಬೇಕು. ದೀಪ ಕೊಳ್ಳೋವಾಗ ವ್ಯಾಟ್ ಅಷ್ಟೇ ಅಲ್ಲ, ಸಿಆರ್‌ಐ ಅಂತ ಬರೆದಿರ್ತಾರೆ ನೋಡಿ, ಅದು 95ಕ್ಕಿಂತ ಮೇಲಿರಬೇಕು. ಕಡಿಮೆ ಇದ್ದರೆ ಕೆಲವು ಬಣ್ಣಗಳು ಸತ್ತ ಹಾಗೆ ಬರ್ತಾವೆ. ಮೊದಲ ಫೋಟೋದಲ್ಲಿ ಚಿತ್ರದ ಜೊತೆ ಒಂದು ಬೂದು ಕಾರ್ಡ್ ಇಟ್ಟು ತೆಗೆದುಕೊಂಡರೆ ಆಮೇಲೆ ಅದನ್ನ ನೋಡಿ ಬಣ್ಣ ಸರಿಮಾಡಬಹುದು. ಇಷ್ಟಾದ ಮೇಲೆ ಮತ್ತೆ ತೋರಿಸಿದೆ. "ಹಾಂ, ಈಗ ಬಂತು ಮಣ್ಣು" ಅಂದ್ರು ಅತ್ತಿ. ನಾನು ನೋಡಿದ ಯಾವ ಲೆನ್ಸ್ ವಿಮರ್ಶೆಗಿಂತಲೂ ಅದು ದೊಡ್ಡ ಸರ್ಟಿಫಿಕೇಟು.

ಗಾಜು ಹಾಕಿದ ಚಿತ್ರಗಳು ಇನ್ನೊಂದು ತಲೆನೋವು. ಫೋಟೋದಲ್ಲಿ ಚಿತ್ರಕ್ಕಿಂತ ನಾನೇ ಚೆನ್ನಾಗಿ ಬಂದಿದ್ದೆ! ಅತ್ತಿಯ ಕರೀ ಇಳಕಲ್ ಸೀರೆಯೊಂದನ್ನ ಕ್ಯಾಮೆರಾ ಹಿಂದೆ ಹಗ್ಗಕ್ಕೆ ಹಾಕಿ, ನಾನು ಅದರ ಹಿಂದೆ ಅಡಗಿ ಕೂತೆ. ಪ್ರತಿಬಿಂಬ ಹೋಯ್ತು.

ಎಲ್ಲಕ್ಕಿಂತ ಕಾಡಿಸಿದ್ದು ಕಿನ್ನಾಳದ ಹಲಗೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳು ನಿಮಗೆ ಗೊತ್ತಿರುತ್ತೆ. ಮಾವ ಎರಡು ಬೇಸಿಗೆ ರಜೆ ಅಲ್ಲಿಗೆ ಹೋಗಿ ಅವರ ಹತ್ತಿರ ಕೂತು ಲಾಜವರದ ಕೆಲಸ ಕಲಿತಿದ್ರು. ತವರವನ್ನ ಬಡಿದು, ಅಂಟಿನ ಜೊತೆ ಅರೆದು, ಹಚ್ಚಿ, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಹೊಳಪು ಬರಿಸೋದು. ಹಾಗೆ ಕಲಿತು ಒಂದು ಮರದ ಹಲಗೆ ಮೇಲೆ ಲಕ್ಷ್ಮಿ ಬಿಡಿಸಿದ್ರು. ಮೈಮೇಲಿನ ಒಡವೆಯೆಲ್ಲ ಲಾಜವರ. ದೀಪ ಹಚ್ಚಿದ ಕೂಡಲೇ ಅದು ಎಲ್ಲಾ ಕಡೆ ಚುಕ್ಕೆ ಚುಕ್ಕೆಯಾಗಿ ಕಣ್ಣು ಕುಕ್ಕಿತು.

ನಾನು ಓದಿಕೊಂಡು ಬಂದಿದ್ದೆನಲ್ಲ, ಲೆನ್ಸಿಗೆ ಪೋಲರೈಸರ್ ಹಾಕಿ, ದೀಪಗಳಿಗೂ ಪೋಲರೈಸಿಂಗ್ ಹಾಳೆ ಕಟ್ಟಿ, ಒಂದಕ್ಕೊಂದು ಅಡ್ಡ ತಿರುಗಿಸಿದೆ. ಥಳಥಳ ಪೂರ್ತಿ ಹೋಯ್ತು. ವಾರ್ನಿಷ್ ಹಚ್ಚಿದ ತೈಲವರ್ಣಗಳಿಗೆ ಇದು ಬಹಳ ಒಳ್ಳೇ ಉಪಾಯ, ಸುಳ್ಳಲ್ಲ. ಆದರೆ ಲೋಹದಿಂದ ಬರೋದೆಲ್ಲ ಥಳಥಳವೇ. ಅದನ್ನ ತೆಗೆದರೆ ಉಳಿಯೋದು ಕಪ್ಪು. ಪರದೆ ಮೇಲೆ ಲಕ್ಷ್ಮಿಯ ಕಿರೀಟ, ಸರ, ಡಾಬು ಎಲ್ಲ ಇದ್ದಲು ಬಣ್ಣ. ಅತ್ತಿ ಗಾಬರಿಯಾಗಿ, "ಯವ್ವಾ, ಆಕೀ ಬಂಗಾರ ಯಾರು ಕಸಗೊಂಡ್ರೋ?" ಅಂದ್ರು.

ಹಾಳೆ, ಫಿಲ್ಟರ್ ಎಲ್ಲ ಬಿಚ್ಚಿದೆ. ಲೋಹ ತನ್ನ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತೆ. ಎದುರಿಗೆ ಚುಕ್ಕಿ ದೀಪ ಇದ್ದರೆ ಚುಕ್ಕಿ, ದೊಡ್ಡ ಬಿಳಿ ಗೋಡೆ ಇದ್ದರೆ ಇಡೀ ಲೋಹ ಬೆಳಗುತ್ತೆ. ಬಿಳಿ ಬಟ್ಟೆ ಬೇಕು ಅಂದೆ. ಅತ್ತಿ ಒಳಗೆ ಹೋಗಿ ಟ್ರಂಕಿನಿಂದ ಮಾವನ ಧೋತರ ಎರಡು ತಂದು ಕೊಟ್ರು. ಎರಡೂ ಬದಿಗೆ ಹಗ್ಗ ಕಟ್ಟಿ ಹರಡಿ, ದೀಪಗಳನ್ನ ಹಲಗೆ ಕಡೆಗಲ್ಲ, ಧೋತರದ ಕಡೆ ತಿರುಗಿಸಿದೆ. ಬೆಳಕು ಅಲ್ಲಿ ಬಡಿದು ಮೆತ್ತಗಾಗಿ ಲಕ್ಷ್ಮಿಯ ಮೇಲೆ ಬಿತ್ತು. ಬಂಗಾರ ವಾಪಸ್ ಬಂತು. ಅತ್ತಿ ಕೈ ಮುಗಿದ್ರು. ಲಕ್ಷ್ಮಿಗೋ ಧೋತರಕ್ಕೋ ನಾನು ಕೇಳಲಿಲ್ಲ.

ರವಿವಾರ ಬೆಳಗ್ಗೆ ಟ್ರಂಕಿನ ತಳದಲ್ಲಿ ಒಂದು ಸ್ಕೆಚ್ ಪುಸ್ತಕ ಸಿಕ್ತು. ಆನೆಗೊಂದಿ, 1978 ಅಂತ ಮಾವನ ಕೈಬರಹ. ಒಳಗೆ ಅದೇ ನಾರೀಕುಂಜರ! ನಾನು ಮಲಗಿಸಿದ ಕ್ಯಾಮೆರಾದಿಂದ ತೆಗೆದದ್ದೇ. ಮಾವ ಅಲ್ಲಿ ಕೂತು, ಕತ್ತು ನೋಯಿಸಿಕೊಂಡು, ಬರೀ ಪೆನ್ಸಿಲ್ಲಿನಲ್ಲಿ ಬಿಡಿಸಿ, ಎಲ್ಲೆಲ್ಲಿ ಯಾವ ಬಣ್ಣ ಇದೆ ಅಂತ ಪಕ್ಕಕ್ಕೆ ಬರೆದಿದ್ದರು. ನನ್ನ ಫೋಟೋದಲ್ಲಿ ಬರೀ ಗಾರೆ ಕಾಣುವ ಜಾಗದಲ್ಲಿ ಅವರ ಪುಟದಲ್ಲಿ ಒಂದು ಕೈ, ಒಂದು ಬಳೆ ಇದೆ. ಅವರ ಹತ್ತಿರ ಯಾವ ಲೆನ್ಸೂ ಇರಲಿಲ್ಲ. ಹೋಗಬೇಕಾದಾಗ ಹೋಗಿದ್ದರು.

ಮಧ್ಯಾಹ್ನ ಎರಡಕ್ಕೆ ಮುಗಿಯಿತು. 31 ಚಿತ್ರ, ಸ್ಕೆಚ್ ಪುಸ್ತಕದ ಪುಟಗಳು ಬೇರೆ. ಸಂಜೆ ಹಂಚಿಕೆಯಾಯ್ತು. ಜಗಳ ಆಗಲಿಲ್ಲ. ಪುಣೆಗೆ ಹೋಗೋವು ಹಳೇ ಚಾದರದಲ್ಲಿ ಸುತ್ತಿ ಕಾರಿನ ಡಿಕ್ಕಿ ಸೇರಿದವು.

ಗಂಗಾವತಿಗೆ ಬಂದ ಮೇಲೆ ಹಳೇ ಹಾರ್ಡ್ ಡಿಸ್ಕ್ ತೆರೆದು 2021ರ ದೀಪಾವಳಿ ಫೋಟೋ ಹುಡುಕಿದೆ. ಇಟಗಿ ಚಿತ್ರದ್ದು ಅಂತ ಪ್ರಪಂಚದಲ್ಲಿ ಉಳಿದಿರೋದು ಅದೊಂದೇ. ಫೋಟೋ ತಿದ್ದೋ ಸಾಫ್ಟ್‌ವೇರಿನಲ್ಲಿ ತೆರೆದು, ಲೆನ್ಸ್ ಪ್ರೊಫೈಲ್ ಅನ್ನೋ ಕಡೆ ಒಂದು ಟಿಕ್ ಹಾಕಿದೆ. ಪ್ರತಿ ಲೆನ್ಸು ಎಷ್ಟು ಉಬ್ಬಿಸುತ್ತೆ ಅನ್ನೋ ಲೆಕ್ಕ ಅದರಲ್ಲೇ ಇರುತ್ತೆ, ಅಷ್ಟನ್ನ ವಾಪಸ್ ಎಳೆಯುತ್ತೆ. ಒಂದೇ ಟಿಕ್. ಮಹಾದೇವನ ಹೊಟ್ಟೆ ಇಳಿದು ಹೋಯ್ತು. ಕಂಬಗಳು ನೆಟ್ಟಗೆ ನಿಂತವು.

ಯಾವ ದೋಷಕ್ಕೆ ಹೆದರಿ ಎರಡು ವರ್ಷ ಲೆನ್ಸ್ ಹುಡುಕಿದೆನೋ ಅದು ಒಂದು ಕ್ಲಿಕ್ಕಿನದ್ದಾಗಿತ್ತು. ಹೋಗದೇ ಇದ್ದದ್ದು ಇನ್ನೊಂದು. ಶಿಖರದ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ, ಟ್ಯೂಬ್‌ಲೈಟಿನ ಪ್ರತಿಬಿಂಬ. ಅದರ ಕೆಳಗಿನ ಬಣ್ಣ ಫೈಲಿನಲ್ಲಿ ಇಲ್ಲವೇ ಇಲ್ಲ. ಆವತ್ತು ಎದ್ದು ಸ್ವಿಚ್ ಆರಿಸಿ, ಬೆಳಗ್ಗೆ ತೆಗೆದಿದ್ದರೆ ಅದೇ ಕಿಟ್ ಲೆನ್ಸಿನಲ್ಲೇ, ಝೂಮನ್ನ ಸ್ವಲ್ಪ ಮುಂದೆ ತಿರುಗಿಸಿ, ಎಲ್ಲವೂ ಸಿಗ್ತಿತ್ತು. ಮಾವನೂ ಪಕ್ಕದಲ್ಲಿ ಇರ್ತಿದ್ರು, ನೇರಳೆ ಸರಿ ಬಂತಾ ಅಂತ ಹೇಳೋಕೆ.

ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅತ್ತಿಗೆ ಕೊಟ್ಟೆ. ಬಿಳಿ ಗೆರೆ ಬಗ್ಗೆ ನಾನೇ ಮುಂಚೆ ಹೇಳಿ ಕ್ಷಮೆ ಕೇಳಿದೆ. ಅತ್ತಿ ಬೆರಳಿನಿಂದ ಆ ಗೆರೆ ಮುಟ್ಟಿ, "ಆ ಟೂಬು ಹಾಕಿಸಿದ್ದು ಅವರೇ. ರಾತ್ರಿ ಚಿತ್ರ ತಗಿಯಾಕ ಕಣ್ಣು ಕಾಣವಲ್ವು ಅಂತ" ಅಂದು, ಸೆರಗಿನಿಂದ ಗಾಜು ಒರೆಸಿ ಗೋಡೆಗೆ ಹಾಕಿದ್ರು.

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ಯಾವ ಲೆನ್ಸ್? ಮೊದಲು ಟೇಪು ಹಿಡಿದು ಕೋಣೆ ಅಳಿ. ಇಕ್ಕಟ್ಟಿದ್ದರೆ 35, ಏಳೆಂಟು ಅಡಿ ಸಿಕ್ಕರೆ 50, ದೊಡ್ಡ ಹಾಲ್ ಇದ್ದು ಯಾರಾದರೂ ಕೊಟ್ಟರೆ ಮ್ಯಾಕ್ರೋ. ಏನೂ ಇಲ್ಲದಿದ್ದರೆ ನಿನ್ನ ಕಿಟ್ ಲೆನ್ಸನ್ನ 35-50ರ ನಡುವೆ ತಿರುಗಿಸಿ ಎಫ್ 8ಕ್ಕೆ ಇಡು. ಲೆನ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಎರಡು ಒಳ್ಳೇ ದೀಪ, ಒಂದು ಟ್ರೈಪಾಡ್ ತಗೋ. ಅಪ್ಪಾಜಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಚಿತ್ರದ ಬಣ್ಣ ಸರಿ ಇದೆಯಾ ಅಂತ ಅವರನ್ನೇ ಕೇಳು. ಬರೋ ರವಿವಾರವೇ ಹೋಗು ಮಾರಾಯಾ. ನನ್ನ ಹತ್ತಿರದ ದೀಪಗಳು ಬೇಕಾದ್ರೆ ಗಂಗಾವತಿ ಬಸ್ ಸ್ಟ್ಯಾಂಡಿಗೆ ತಂದು ಕೊಡ್ತೀನಿ.

ನಿಮ್ಮ ಮನೆಯಲ್ಲೂ ಅಜ್ಜ ಬಿಡಿಸಿದ್ದೋ, ಅವ್ವ ಕಸೂತಿ ಹಾಕಿದ್ದೋ ಗೋಡೆ ಮೇಲೆ ಇದ್ದರೆ ಇವತ್ತೇ ಒಮ್ಮೆ ಅದರ ಹಿಂದಿನ ಗೋಡೆ ಮುಟ್ಟಿ ನೋಡಿ. ತೇವ ಇದ್ದರೆ ಮೊದಲು ಅದನ್ನ ಇಳಿಸಿ ಬೇರೆ ಕಡೆ ಇಡಿ. ಫೋಟೋ ಆಮೇಲೆ.